ವಸ್ತಿ ಬಸ್ಸನ್ನು ಶಿಕ್ಷಣ ಇಲಾಖೆಯೂ ಕೇಳಬೇಕು

ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಹತ್ತನೇ ತರಗತಿ ಮುಗಿಸಿದ ಮಕ್ಕಳು ಮುಂದೆ ಓದುತ್ತಾರೋ ಇಲ್ಲವೋ ಎಂಬುದನ್ನು ಅಂಕಪಟ್ಟಿಗಿಂತ ಹೆಚ್ಚಾಗಿ ಬೆಳಗಿನ ಬಸ್ಸು ನಿರ್ಧರಿಸುತ್ತದೆ. ಪಿಯು ಕಾಲೇಜು ಇರುವುದು ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವ ಬಸ್ಸು ಇಲ್ಲದಿದ್ದರೆ ಸರ್ಕಾರದ ಯಾವ ಶಿಕ್ಷಣ ನೀತಿಯೂ ನಮ್ಮೂರಿನ ಅಗಸಿ ದಾಟಿ ಒಳಗೆ ಬರುವುದಿಲ್ಲ.

ನಮ್ಮೂರಿಗೆ ಮೊದಲು ವಸ್ತಿ ಬಸ್ ಇತ್ತು. ರಾತ್ರಿ ಬಂದು ಗುಡಿಯ ಮುಂದೆ ನಿಲ್ಲುತ್ತಿತ್ತು, ಚಾಲಕ, ನಿರ್ವಾಹಕರಿಗೆ ಊರವರೇ ರೊಟ್ಟಿ, ಪಲ್ಯ ಕೊಡುತ್ತಿದ್ದರು. ಬಸ್ಸು ಊರಲ್ಲೇ ಇರುತ್ತಿದ್ದುದರಿಂದ ಬೆಳಗಿನ ಪಾಳಿ ತಪ್ಪುತ್ತಿರಲಿಲ್ಲ. ಅದನ್ನು ನಿಲ್ಲಿಸಿದಾಗ ಕೇಳಲು ಹೋದವರಿಗೆ ಸಿಕ್ಕ ಉತ್ತರ, ‘ಆದಾಯ ಸಾಲುತ್ತಿಲ್ಲ’ ಎಂದು. ಈಗ ಪಟ್ಟಣದಿಂದ ಹೊರಟ ಬಸ್ಸು ಒಂದು ದಿನ ಎಂಟಕ್ಕೆ ಬರುತ್ತದೆ, ಒಂದು ದಿನ ಒಂಬತ್ತಕ್ಕೆ, ಒಂದೊಂದು ದಿನ ಬರುವುದೇ ಇಲ್ಲ. ದಿನವೂ ಟಂಟಂ ಆಟೊಗೆ ದುಡ್ಡು ಕೊಡಲಾಗದ ಮನೆಯಲ್ಲಿ ‘ಓದಿದ್ದು ಸಾಕು, ಹೊಲಕ್ಕೆ ಬಾ’ ಎಂಬ ಮಾತು ಬರಲು ಎಷ್ಟು ಹೊತ್ತು? ಮೆಣಸಿನಕಾಯಿ ಬಿಡಿಸುವ ಕಾಲದಲ್ಲಂತೂ ಅದು ಬೇಗನೇ ಬರುತ್ತದೆ, ಮತ್ತು ಮೊದಲು ಬರುವುದು ಹೆಣ್ಣುಮಕ್ಕಳ ಪಾಲಿಗೆ.

ಶಕ್ತಿ ಯೋಜನೆಯನ್ನು ಬೈಯುವವರ ಜೊತೆ ನಾನಿಲ್ಲ. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗಲು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಅದು ಉಳಿಯಬೇಕು. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ಟಿನಿಂದ ಏನು ಬಂತು? ಕಾಲೇಜಿನ ಹುಡುಗರು ಪಾಸಿಗೆ ಹಣ ಕಟ್ಟಿಯೂ ಬಾಗಿಲಿಗೆ ಜೋತುಬಿದ್ದು ಹೋಗುತ್ತಾರೆ. ಹೆತ್ತವರಿಗೆ ಅವರು ಸಂಜೆ ಮನೆ ಸೇರುವವರೆಗೂ ಜೀವದಲ್ಲಿ ಜೀವ ಇರುವುದಿಲ್ಲ.

ದುಡ್ಡಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು, 2025ರ ಏಪ್ರಿಲ್‌ನಲ್ಲಿ 21.17ಕ್ಕೆ. ಪೆಟ್ರೋಲಿನದು ಶೇ 29.84. ಇವುಗಳ ನಡುವೆ, 2025ರ ಜನವರಿಯಲ್ಲಿ, ಬಸ್ ದರವೂ ಶೇ 15ರಷ್ಟು ಏರಿತು. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವ ರೈತ ತೆರಿಗೆ ಕೊಟ್ಟೇ ಕೊಡುತ್ತಾನೆ. ಆ ಹಣದಲ್ಲಿ ಒಂದು ಪಾಲನ್ನು ಶಾಲಾ ವೇಳೆಯ ಬಸ್ಸಿಗೆಂದೇ ತೆಗೆದಿಡಲಿ. ಅಂಥ ಬಸ್ಸಿನ ಲೆಕ್ಕವನ್ನು ಟಿಕೆಟ್ ಆದಾಯದಲ್ಲಿ ಹಾಕಲೇಬಾರದು. ಸರ್ಕಾರಿ ಶಾಲೆಯನ್ನು ಯಾರೂ ಲಾಭ ನೋಡಿ ನಡೆಸುವುದಿಲ್ಲವಲ್ಲ!

ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎನ್ನುತ್ತವೆ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು. ಒಂಬತ್ತನೇ ತರಗತಿಯಿಂದ ಆಚೆಗೆ ದೂರದ ಮಾತೇ ಇಲ್ಲ. ಎಂಟನೇ ತರಗತಿಯವರಿಗೆ 2006ರಿಂದ ಕೊಡುತ್ತಿದ್ದ ಸೈಕಲ್ ಕೂಡ ಕೊರೋನಾ ಕಾಲದಲ್ಲಿ ನಿಂತುಹೋಯಿತು. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆಂದು ಪ್ರತ್ಯೇಕ ದಾರಿಯನ್ನೇ ಕಟ್ಟಿದ ಸರ್ಕಾರಕ್ಕೆ ಒಂದು ಹಳ್ಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಕಳಿಸುವುದು ಆಗದ ಕೆಲಸವೇ?

ಪ್ರತಿ ವರ್ಷ ಮೇ ತಿಂಗಳಲ್ಲೇ ಕಾಲೇಜು ಪ್ರಾಚಾರ್ಯರು, ಮುಖ್ಯ ಶಿಕ್ಷಕರು ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆ ಎಂಬ ಪಟ್ಟಿಯನ್ನು ಡಿಪೊಗೆ ಕೊಡಲಿ. ಆ ಪಟ್ಟಿ ನೋಡಿಯೇ ವೇಳಾಪಟ್ಟಿ ಆಗಲಿ. ಬಸ್ಸು ತಪ್ಪಿದ ದಿನಗಳ ಲೆಕ್ಕವನ್ನು ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಉಸ್ತುವಾರಿ ಸಚಿವರ ಮುಂದೆ ಇಡಬೇಕು. ನಿಮ್ಮ ಊರಿನ ವಸ್ತಿಯೂ ನಿಂತಿದ್ದರೆ ಊರ ಹೆಸರು, ಕಾಲೇಜಿಗೆ ಹೋಗುವ ಮಕ್ಕಳ ಸಂಖ್ಯೆ ಇಲ್ಲಿ ಬರೆಯಿರಿ. ಮುಂದಿನ ಸಭೆಗೆ ಎಲ್ಲ ಊರುಗಳ ಮನವಿಯನ್ನು ಒಟ್ಟಿಗೇ ಕೊಡೋಣ.