ಬಸ್ಸಿನಲ್ಲೋ, ಬಸ್ಸಿನ ಮೇಲೋ

ಮೊದಲು ಲಂಡನ್ನಿನಲ್ಲಿದ್ದು ಈಗ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನಗೆ ಅನಿಸುವುದು ಇಷ್ಟು: ಇಂಗ್ಲಿಷಿನ ಪ್ರಿಪೊಸಿಷನ್‌ಗಳಿಗೆ, ಅಂದರೆ ‘ಇನ್’, ‘ಆನ್’, ‘ಅಟ್’ನಂಥ ಪುಟ್ಟ ಪದಗಳಿಗೆ, ನಾವು ಹೆದರುತ್ತೇವೆ, ಆದರೆ ಹೆದರಬೇಕಾದ ಕಡೆ ಅಲ್ಲ.

ಬ್ರಿಟಿಷರಿಗೆ ‘ಅಟ್ ದ ವೀಕೆಂಡ್’, ಅಮೆರಿಕದವರಿಗೆ ‘ಆನ್ ದ ವೀಕೆಂಡ್’. ಅರ್ಜಿಯನ್ನು ಅಲ್ಲಿ ‘ಫಿಲ್ ಇನ್’ ಮಾಡುತ್ತಾರೆ, ಇಲ್ಲಿ ‘ಫಿಲ್ ಔಟ್’. ಸಾಲಿನಲ್ಲಿ ನಿಲ್ಲುವುದನ್ನು ಉಳಿದ ಅಮೆರಿಕದವರು ‘ಇನ್ ಲೈನ್’ ಎಂದರೆ ನ್ಯೂಯಾರ್ಕಿನ ಹಳಬರು ‘ಆನ್ ಲೈನ್’ ಎನ್ನುತ್ತಾರೆ. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇವೆಲ್ಲ ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವಂಥ ವ್ಯತ್ಯಾಸಗಳು. ನಿದ್ದೆಗೆಡಬೇಕಾದದ್ದೇನೂ ಇಲ್ಲ.

ಅರ್ಥವೇ ಬದಲಾಗುವ ಜೋಡಿಗಳು ಬೇರೆ. ದಾಖಲೆಗಳನ್ನು ‘ಬೈ ಫ್ರೈಡೇ’ ಕೊಡಿ ಎಂದರೆ ಮಂಗಳವಾರವೇ ಕೊಟ್ಟು ಕೈತೊಳೆದುಕೊಳ್ಳಬಹುದು. ‘ಅಂಟಿಲ್ ಫ್ರೈಡೇ’ ಇಟ್ಟುಕೊಳ್ಳಿ ಎಂದರೆ ಅಲ್ಲಿಯ ತನಕ ಅವು ನಿಮ್ಮ ಬಳಿಯೇ ಇರಬೇಕು. ಶಾಲೆಯಲ್ಲಿ ಇದನ್ನು ನಿಯಮವಾಗಿ ಬಾಯಿಪಾಠ ಮಾಡಿಸುತ್ತಾರೆ. ಕನ್ನಡದಲ್ಲಿ ಶುಕ್ರವಾರದೊಳಗೆ, ಶುಕ್ರವಾರದವರೆಗೆ ಎಂದರೆ ಮುಗಿಯಿತಲ್ಲ! (ಶುಕ್ರವಾರವೂ ಸೇರಿತೇ ಎಂಬ ಜಗಳ ಎರಡೂ ಭಾಷೆಯಲ್ಲಿ ಇದ್ದದ್ದೇ.) ‘ಶೌಟ್ ಟು’ ಎಂದರೆ ದೂರದಲ್ಲಿರುವವನಿಗೆ ಕೇಳಲೆಂದು ಕೂಗುವುದು, ‘ಶೌಟ್ ಅಟ್’ ಎಂದರೆ ರೇಗುವುದು. ನಾವೂ ಒಬ್ಬನನ್ನು ಕೂಗುತ್ತೇವೆ, ಇನ್ನೊಬ್ಬನ ಮೇಲೆ ಕೂಗಾಡುತ್ತೇವೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ‘2015ರಿಂದ ಇದ್ದೇನೆ’, ‘ಹತ್ತು ವರ್ಷದಿಂದ ಇದ್ದೇನೆ’ ಎರಡಕ್ಕೂ ನಮಗೆ ಒಂದೇ ‘ಇಂದ’. ಇಂಗ್ಲಿಷಿಗೆ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’ ಬೇಕು. ನಮ್ಮವರ ‘ಸಿನ್ಸ್ ಟೆನ್ ಇಯರ್ಸ್’ ಹುಟ್ಟುವುದು ಇಲ್ಲೇ. ಕಿವಿಗೆ ಚುಚ್ಚಿದರೂ ಅರ್ಥಕ್ಕೆ ಕುಂದಿಲ್ಲ. ‘ಆನ್ ಟೈಮ್’, ‘ಇನ್ ಟೈಮ್’ ಹಾಗಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬಂದರೆ ‘ಆನ್ ಟೈಮ್’. ಕೆಲಸ ಕೆಡುವ ಮೊದಲು ಬಂದರೆ ‘ಇನ್ ಟೈಮ್’. ರೈಲೇ ತಡವಾಗಿದ್ದರೆ ನೀವೂ ತಡವಾಗಿ ಹೊರಟು ‘ಇನ್ ಟೈಮ್’ ನಿಲ್ದಾಣ ಸೇರಬಹುದು.

ವಾಹನಗಳದ್ದು ಇನ್ನೊಂದು ಕಥೆ. ಕೂತಲ್ಲೇ ಕೂರಬೇಕಾದ ಕಾರಿಗೆ ‘ಇನ್’, ಎದ್ದು ಓಡಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ‘ಆನ್’. ನಮಗೆ ಎಲ್ಲದಕ್ಕೂ ‘ಅಲ್ಲಿ’ ಸಾಕು. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಪಾಡು ತಿರುಗುಮುರುಗು. ‘ಅಜ್ಜಿ, ನಾನು ಶಾಲೆಯಿಂದ ಬಸ್ಸಿನ ಮೇಲೆ ಬಂದೆ’ ಎಂದು ಮಗಳು ಫೋನಿನಲ್ಲಿ ಹೇಳಿದರೆ, ಊರಿನಲ್ಲಿ ಬಸ್ಸಿನ ಟಾಪ್ ಮೇಲೆ ಕೂತು ಜಾತ್ರೆಗೆ ಹೋಗುವವರನ್ನು ಕಂಡಿರುವ ನನ್ನ ಅಮ್ಮ ಗಾಬರಿಯಾಗಿ ಕೇಳುತ್ತಾರೆ: ‘ಅಮೆರಿಕದಲ್ಲೂ ಒಳಗೆ ಜಾಗ ಇರುವುದಿಲ್ಲವೇ?’