ಸೂಪರ್‌ಮ್ಯಾನ್ ಉಳಿತಾಯ ಮಹಾತ್ಮೆ

1987ರಲ್ಲಿ ಬಂದ ‘ಸೂಪರ್‌ಮ್ಯಾನ್ 4’ ಚಿತ್ರವನ್ನು ಬೈಯದವರಿಲ್ಲ. ಮೊದಲ ಭಾಗ ಕಟ್ಟಿದ ಮನೆಯನ್ನು ನಾಲ್ಕನೇ ಭಾಗ ಹರಾಜು ಹಾಕಿತು ಅನ್ನುತ್ತಾರೆ. ಪಾಪ, ಅವರಿಗೆ ಆ ಚಿತ್ರವನ್ನು ನೋಡುವ ಕ್ರಮ ಗೊತ್ತಿಲ್ಲ. ಸಾಹಸ ಹುಡುಕಿಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಖರ್ಚು ಉಳಿಸುವುದು ಹೇಗೆ ಅಂತ ಕಲಿಯಲು ಹೋಗಿ ನೋಡಿ, ಒಂದೂವರೆ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

1978ರ ಮೊದಲ ಚಿತ್ರದವರು ಎಂಥ ದುಂದುಗಾರರು ಅಂತೀರಿ! ಸುಮಾರು ಐದೂವರೆ ಕೋಟಿ ಡಾಲರ್ ಸುರಿದರು. ಮಾರ್ಲನ್ ಬ್ರಾಂಡೊ ಬಂದು ಹೋಗುವ ಸ್ವಲ್ಪ ಹೊತ್ತಿಗೆ 37 ಲಕ್ಷ ಡಾಲರ್ ಕೊಟ್ಟರು. ಮನುಷ್ಯ ಹಾರಬಲ್ಲ ಅಂತ ನೀವು ನಂಬುತ್ತೀರಿ ಎಂದು ಪೋಸ್ಟರ್‌ನಲ್ಲೇ ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಹೊಸ ಹೊಸ ಕ್ಯಾಮೆರಾ ತಂತ್ರ ಕಂಡುಹಿಡಿದರು. ಆಸ್ಕರ್ ಬಂತು, ದುಡ್ಡೂ ಬಂತು. ಆದರೆ ಶಿಸ್ತು ಎಲ್ಲಿತ್ತು ಸ್ವಾಮಿ?

ಶಿಸ್ತು ಬಂದಿದ್ದು ಕ್ಯಾನನ್ ಫಿಲ್ಮ್ಸ್ ಜೊತೆಗೆ. ಮೆನಾಹೆಮ್ ಗೋಲನ್, ಯೋರಮ್ ಗ್ಲೋಬಸ್ ಅನ್ನುವ ಇಬ್ಬರು ದಾಯಾದಿಗಳ ಕಂಪನಿ ಅದು. ಮೂರನೇ ಭಾಗದ ಹೊತ್ತಿಗೇ ಸೂಪರ್‌ಮ್ಯಾನ್ ಸುಸ್ತಾಗಿದ್ದ. ಹಳೇ ನಿರ್ಮಾಪಕರು ಕೈತೊಳೆದುಕೊಂಡರು, ಇವರು ಹಕ್ಕು ಕೊಂಡರು. ಆ ಹೊತ್ತಿಗೆ ಇವರ ಕೈಯಲ್ಲಿ ಒಂದೇ ಸಲಕ್ಕೆ ಹತ್ತಾರು ಚಿತ್ರ. ಗಲ್ಲಾಪೆಟ್ಟಿಗೆ ಮಾತ್ರ ಖಾಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇವರು ಮೊದಲು ಹಾಸಿಗೆಯನ್ನೇ ಕತ್ತರಿಸಿದರು. ಸುಮಾರು 3.6 ಕೋಟಿ ಡಾಲರ್ ಅಂತಿದ್ದ ಬಜೆಟ್ 1.7 ಕೋಟಿಗೆ ಇಳಿಯಿತು. ಸೂಪರ್‌ಮ್ಯಾನ್ ಆರಡಿ ನಾಲ್ಕಂಗುಲದ ಆಳು. ಕಾಲು ಹೊರಗೇ ಉಳಿಯಿತು.

ಕಥೆ ದೊಡ್ಡದೇ. ಸೂಪರ್‌ಮ್ಯಾನ್ ವಿಶ್ವಸಂಸ್ಥೆಗೆ ಹೋಗಿ, ಭೂಮಿಯ ಮೇಲಿನ ಅಣ್ವಸ್ತ್ರಗಳನ್ನೆಲ್ಲ ನಾನು ಇಲ್ಲವಾಗಿಸುತ್ತೇನೆ ಎಂದು ಘೋಷಿಸಬೇಕು. ವಿಶ್ವಸಂಸ್ಥೆ ಇರುವುದು ನ್ಯೂಯಾರ್ಕ್‌ನಲ್ಲಿ. ಅಲ್ಲಿಗೆ ಹೋಗಿ ರಸ್ತೆ ಬಂದ್ ಮಾಡಿಸಿ ಶೂಟಿಂಗ್ ಮಾಡಿದರೆ ಎಷ್ಟಾಗುತ್ತೆ? ಬೇಡ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಅನ್ನುವ ಊರಿನ ರೈಲ್ವೆ ಸ್ಟೇಷನ್ ಇದೆಯಲ್ಲ, ಮುಂಭಾಗಕ್ಕೆ ಗಾಜಿದೆ, ಅಷ್ಟು ಸಾಕು. ಹೀಗೆ ಜಗತ್ತಿನ ನೂರೈವತ್ತಕ್ಕೂ ಹೆಚ್ಚು ದೇಶಗಳು ಲೋಕಲ್ ಟ್ರೈನ್ ಹಿಡಿಯುವ ಜಾಗದಲ್ಲಿ ಸಭೆ ಸೇರಿದವು. ನ್ಯೂಯಾರ್ಕ್ ಅನ್ನುತ್ತಾರೆ, ರಸ್ತೆಯಲ್ಲಿ ಟ್ರಾಫಿಕ್ಕೇ ಇಲ್ಲ. ಲೋಕೋದ್ಧಾರಕ ಬರುತ್ತಿದ್ದಾನೆ ಅಂದರೂ ಸೇರಿದ ಜನ ಅಷ್ಟಕ್ಕಷ್ಟೇ. ನಮ್ಮ ಕಡೆ ಎರಡು ಬೈಕು ಗುದ್ದಿಕೊಂಡರೆ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಆ ದೃಶ್ಯದ ಬಡತನದ ಬಗ್ಗೆ ನಾಯಕ ಕ್ರಿಸ್ಟೋಫರ್ ರೀವ್ ತಮ್ಮ ಆತ್ಮಕಥೆಯಲ್ಲೇ ಸಂಕಟಪಟ್ಟುಕೊಂಡಿದ್ದಾರೆ.

ಹಾರುವ ವಿಷಯಕ್ಕೆ ಬನ್ನಿ. ಸೂಪರ್‌ಮ್ಯಾನ್ ನೇರ ನಮ್ಮ ಕಡೆ ಹಾರಿ ಬರುವ ಒಂದು ಶಾಟ್ ಇದೆ. ಒಳ್ಳೇ ಶಾಟ್. ಅದಕ್ಕೇ ಇರಬೇಕು, ಅದನ್ನೇ ಮತ್ತೆ ಮತ್ತೆ ಹಾಕಿದ್ದಾರೆ. ಹಿಂದಿನ ದೃಶ್ಯ ಮಾತ್ರ ಬದಲು. ನಗರದ ಮೇಲೂ ಅದೇ ಭಂಗಿ, ಬಾಹ್ಯಾಕಾಶದಲ್ಲೂ ಅದೇ ಭಂಗಿ, ಮುಖದ ಮೇಲೂ ಅದೇ ಭಾವ. ಆಧಾರ್ ಕಾರ್ಡಿನ ಫೋಟೋ ಥರ, ಒಮ್ಮೆ ತೆಗೆದರೆ ಆಯ್ತು, ಎಲ್ಲ ಕಡೆ ನಡೆಯುತ್ತದೆ.

ಇನ್ನು ಖಳನಾಯಕ. ಸೂಪರ್‌ಮ್ಯಾನ್‌ನ ಒಂದೇ ಒಂದು ಕೂದಲು ಮ್ಯೂಸಿಯಂನಲ್ಲಿ ಸಾವಿರ ಪೌಂಡ್ ತೂಕ ಹೊತ್ತು ನಿಂತಿರುತ್ತದೆ. ಸೂಪರ್‌ಮ್ಯಾನ್‌ನ ಹಳೇ ಶತ್ರು ಲೆಕ್ಸ್ ಲೂಥರ್ ಬರುತ್ತಾನೆ, ಬೀಗ ಕತ್ತರಿಸುವ ಕಟ್ಟರ್ ತೆಗೆದು ಅದನ್ನು ಕಟ್ ಮಾಡುತ್ತಾನೆ. ಸಾವಿರ ಪೌಂಡಿಗೆ ಬಗ್ಗದ ಕೂದಲು ಕಟ್ಟರಿಗೆ ಬಗ್ಗಿತು! ಆ ಕೂದಲಿನಿಂದ ಏನೋ ತಯಾರಿಸಿ ಕ್ಷಿಪಣಿಗೆ ಅಂಟಿಸುತ್ತಾನೆ. ಸೂಪರ್‌ಮ್ಯಾನ್ ಆ ಕ್ಷಿಪಣಿಯನ್ನು ಸೂರ್ಯನಿಗೆ ಎಸೆಯುತ್ತಾನೆ. ಬೆಂಕಿಯೊಳಗಿಂದ ನ್ಯೂಕ್ಲಿಯರ್ ಮ್ಯಾನ್ ಹುಟ್ಟುತ್ತಾನೆ, ಚಿನ್ನದ ಬಣ್ಣದ ಬಟ್ಟೆ ಸಮೇತ. ದರ್ಜಿ ಖರ್ಚೂ ಉಳಿಯಿತು. ಅವನಿಗೆ ಪ್ರತ್ಯೇಕ ದನಿಯೂ ಇಲ್ಲ. ಲೂಥರ್ ಪಾತ್ರ ಮಾಡಿದ ಜೀನ್ ಹ್ಯಾಕ್‌ಮನ್ ಅವರದ್ದೇ ದನಿ. ಅಸ್ತ್ರ ಏನಪ್ಪಾ ಅಂದರೆ ಉಗುರು. ಕುತ್ತಿಗೆಗೆ ಪರಚಿದ ಏಟಿಗೆ ಸೂಪರ್‌ಮ್ಯಾನ್ ಮಲಗಿಬಿಡುತ್ತಾನೆ.

ಈ ಮಹಾ ದೈತ್ಯನಿಗೆ ಒಂದೇ ದೌರ್ಬಲ್ಯ: ನೆರಳು. ಬಿಸಿಲು ತಪ್ಪಿದರೆ ನಿಂತಲ್ಲೇ ಆಫ್. ಬೆಂಗಳೂರಿನ ಜುಲೈ ತಿಂಗಳು ಸಾಕಿತ್ತು ಅವನನ್ನು ಮುಗಿಸಲು. ಸೂಪರ್‌ಮ್ಯಾನ್ ಅವನನ್ನು ಲಿಫ್ಟಿನೊಳಗೆ ಕೂಡಿ ಹಾಕುತ್ತಾನೆ, ಆ ಲಿಫ್ಟನ್ನೇ ಕಿತ್ತುಕೊಂಡು ಹೋಗಿ ಚಂದ್ರನ ಮೇಲೆ ಇಡುತ್ತಾನೆ. ಬುದ್ಧಿವಂತಿಕೆಯೇ. ಆದರೆ ಚಂದ್ರನ ಮೇಲೂ ಬೆಳಗಾಗುತ್ತೆ ಅಲ್ವಾ? ಲಿಫ್ಟ್ ಬಾಗಿಲಿನ ಸಂದಿಯಿಂದ ಒಂದು ಎಳೆ ಬಿಸಿಲು ಒಳಗೆ ಹೋಗುತ್ತದೆ. ಅವನು ಎದ್ದು ಬಂದು ಸೂಪರ್‌ಮ್ಯಾನ್‌ನನ್ನು ಗೂಟ ಹೊಡೆದ ಹಾಗೆ ಚಂದ್ರನ ನೆಲಕ್ಕೆ ಹೊಡೆಯುತ್ತಾನೆ. ಹಿಂದಿನ ಆಕಾಶವನ್ನು ಗಮನಿಸಿ ನೋಡಿ. ಅನಂತ ಬ್ರಹ್ಮಾಂಡದಲ್ಲಿ ಕಪ್ಪು ಪರದೆಯ ನೆರಿಗೆ ಕಾಣಿಸುತ್ತದೆ.

ಅಷ್ಟರಲ್ಲಿ ನ್ಯೂಕ್ಲಿಯರ್ ಮ್ಯಾನ್ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಬಾಹ್ಯಾಕಾಶಕ್ಕೇ ಹಾರುತ್ತಾನೆ. ಮೈಮೇಲೆ ಮಾಮೂಲಿ ಬಟ್ಟೆ. ಮುಖವಾಡವಿಲ್ಲ, ಸಿಲಿಂಡರ್ ಇಲ್ಲ. ಆಕ್ಸಿಜನ್ನಿಗೂ ಬಜೆಟ್ ಸಾಲಲಿಲ್ಲ ಅಂತ ಕಾಣುತ್ತೆ. ಆದರೂ ಆಕೆ ಆರಾಮಾಗಿ ಉಸಿರಾಡುತ್ತಾಳೆ. ಕೊನೆಗೆ ಸೂಪರ್‌ಮ್ಯಾನ್ ಚಂದ್ರನನ್ನೇ ತಳ್ಳಿ ಗ್ರಹಣ ಮಾಡಿಸುತ್ತಾನೆ. ಪಂಚಾಂಗದವರನ್ನು ಒಂದು ಮಾತು ಕೇಳಲಿಲ್ಲ. ಸಮುದ್ರದಲ್ಲಿ ಒಂದು ಅಲೆಯೂ ಏಳಲಿಲ್ಲ. ಖಳನನ್ನು ಏನು ಮಾಡಿದ ಗೊತ್ತಾ? ಅಣುಸ್ಥಾವರಕ್ಕೆ ಇಳಿಸಿ ಊರಿಗೆ ಕರೆಂಟ್ ಕೊಟ್ಟ. ವೇಸ್ಟ್ ಅನ್ನುವ ಪ್ರಶ್ನೆಯೇ ಇಲ್ಲ.

ಉಳಿತಾಯ ಎಡಿಟಿಂಗ್ ಮೇಜಿನ ಮೇಲೂ ಮುಂದುವರಿಯಿತು. ಎರಡು ಗಂಟೆ ದಾಟಿದ್ದ ಚಿತ್ರವನ್ನು ಪರೀಕ್ಷಾ ಪ್ರದರ್ಶನದ ನಂತರ ಸುಮಾರು 45 ನಿಮಿಷ ಕತ್ತರಿಸಿದರು. ಅದರಲ್ಲಿ ಇನ್ನೊಬ್ಬ ನ್ಯೂಕ್ಲಿಯರ್ ಮ್ಯಾನ್ ಪೂರ್ತಿ ಹಾರಿಹೋದ. ಇದೊಂದನ್ನು ಮಾತ್ರ ನಾನು ವ್ಯಂಗ್ಯವಿಲ್ಲದೆ ಮೆಚ್ಚುತ್ತೇನೆ.

ರೀವ್ ಬಗ್ಗೆ ಮಾತ್ರ ನಗು ಬರುವುದಿಲ್ಲ. ಅಣ್ವಸ್ತ್ರದ ವಿಷಯ ಎತ್ತಿದ್ದು ಅವರೇ, ಕಥೆಯಲ್ಲಿ ಅವರ ಹೆಸರೂ ಇದೆ. ಹಾರುವ ದಾರ ಕಾಣುವಂಥ ಚಿತ್ರದಲ್ಲೂ ಅವರು ಸೂಪರ್‌ಮ್ಯಾನ್‌ನ ಸಾಮಾನ್ಯ ಮನುಷ್ಯನ ವೇಷಕ್ಕೆ ಕನ್ನಡಕ ಹಾಕಿದರೆ ಬೇರೆ ಮನುಷ್ಯ, ತೆಗೆದರೆ ಬೇರೆ ಮನುಷ್ಯ. ಕೇಪ್ ಮತ್ತೆ ತೊಡಬೇಕಾದರೆ ನನ್ನ ಇಷ್ಟದ ಇನ್ನೊಂದು ಚಿತ್ರಕ್ಕೆ ದುಡ್ಡು ಹಾಕಿ ಅಂತ ಅವರು ಕ್ಯಾನನ್‌ನವರನ್ನು ಒಪ್ಪಿಸಿದ್ದರು. ಅದು ‘ಸ್ಟ್ರೀಟ್ ಸ್ಮಾರ್ಟ್’. ಅದರಿಂದ ಮಾರ್ಗನ್ ಫ್ರೀಮನ್ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಸೂಪರ್‌ಮ್ಯಾನ್ 4ರಿಂದ ಲೋಕಕ್ಕೆ ಆದ ದೊಡ್ಡ ಉಪಕಾರ ಬೇರೆ ಚಿತ್ರದಲ್ಲಿದೆ!

ಅಂದಹಾಗೆ, ಚಿತ್ರದಲ್ಲಿ ಸೂಪರ್‌ಮ್ಯಾನ್ ಕ್ಷಿಪಣಿಗಳನ್ನೆಲ್ಲ ಮೀನಿನ ಹಾಗೆ ದೊಡ್ಡ ಬಲೆಗೆ ತುಂಬುತ್ತಾನೆ. ಕೊನೆಗೆ ಪತ್ರಕರ್ತರನ್ನು ಕರೆದು, ಶಾಂತಿ ತರುವುದು ನನ್ನ ಕೈಯಲ್ಲಿಲ್ಲ, ನೀವೇ ತಂದುಕೊಳ್ಳಿ ಅನ್ನುತ್ತಾನೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ರೇಗನ್ ಮತ್ತು ಸೋವಿಯತ್ ಒಕ್ಕೂಟದ ಗೊರ್ಬಚೇವ್ ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಎರಡು ಪೆನ್ನಿನಲ್ಲಿ ಕೆಲಸ ಮುಗಿಯಿತು. ಉಳಿತಾಯದಲ್ಲಿ ಕ್ಯಾನನ್‌ನವರನ್ನು ಮೀರಿಸಿದವರು ಅಂದರೆ ಅವರಿಬ್ಬರೇ.

1.7 ಕೋಟಿ ಖರ್ಚಾದ ಚಿತ್ರ ಅಮೆರಿಕದಲ್ಲಿ 1.6 ಕೋಟಿಯನ್ನೂ ಮುಟ್ಟಲಿಲ್ಲ. ಸೂಪರ್‌ಮ್ಯಾನ್ ಹತ್ತೊಂಬತ್ತು ವರ್ಷ ಚಿತ್ರಮಂದಿರದ ಕಡೆ ತಲೆ ಹಾಕಲಿಲ್ಲ. 2006ರಲ್ಲಿ ಮರಳಿ ಬಂದಾಗ ಮೂರು ಮತ್ತು ನಾಲ್ಕನೇ ಭಾಗಗಳು ನಡೆದೇ ಇಲ್ಲ ಅನ್ನುವ ಹಾಗೆ ಕಥೆ ಶುರು ಮಾಡಿದರು. ಆ ಚಿತ್ರದ ಖರ್ಚು 20 ಕೋಟಿ ಡಾಲರಿಗೂ ಜಾಸ್ತಿ. 1987ರಲ್ಲಿ ಉಳಿಸಿದ 1.9 ಕೋಟಿಯನ್ನು ಅದರಲ್ಲಿ ಸೇರಿಸಿದ್ದರೋ ಇಲ್ಲವೋ, ಲೆಕ್ಕ ಇಟ್ಟವರು ಹೇಳಬೇಕು.