ಅಕ್ಷರಕ್ಕೆ ನಲವತ್ತು ರೂಪಾಯಿ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಸಭೆಗೆ ತಡವಾಗಿ ಹೋದ ತಪ್ಪಿಗೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ನನ್ನ ಅವಿರೋಧ ಆಯ್ಕೆ ಮುಗಿದು ಕಾಫಿ ಹಂಚುತ್ತಿದ್ದರು. ಆ ಪದವಿಯಲ್ಲಿ ಕುಳಿತು ನಾನು ಮಾಡಿದ ಒಂದೇ ಒಂದು ಶಾಶ್ವತ ಕೆಲಸ ಉದ್ಯಾನದ ಗೇಟಿನ ಪಕ್ಕದ ಕಪ್ಪು ಕಲ್ಲಿನ ಫಲಕ. ‘ಉದ್ಘಾಟನೆ: ಮಾನ್ಯ ಶಾಸಕರು’ ಎಂದು ದಪ್ಪ ಅಕ್ಷರ, ಅದರ ಕೆಳಗೆ ಅವರ ಹೆಸರು, ಇನ್ನೂ ಕೆಳಗೆ ‘14-07-2019, ಭಾನುವಾರ’. ಅಕ್ಷರಕ್ಕೆ ನಲವತ್ತು ರೂಪಾಯಿಯಂತೆ ಮಾತಾಗಿತ್ತು. ಒತ್ತಕ್ಷರಕ್ಕೆ ಬೇರೆ ದುಡ್ಡು ಕೊಡುವುದಿಲ್ಲವೆಂದು ಮೇಸ್ತ್ರಿಯೊಡನೆ ಅರ್ಧ ಗಂಟೆ ಚೌಕಾಸಿ ಮಾಡಿ ‘ಮಾನ್ಯ’ದ ಯ ಒತ್ತನ್ನು ಪುಕ್ಕಟೆಯಾಗಿ ಕೆತ್ತಿಸಿಕೊಂಡಿದ್ದೆ.

ಕಲ್ಲು ಬಂದು ನಿಂತ ವಾರದಲ್ಲೇ, ಜುಲೈ 6ರ ಶನಿವಾರ, ಶಾಸಕರು ಸಾಲಾಗಿ ಸಭಾಧ್ಯಕ್ಷರ ಕಚೇರಿಗೆ ಹೋಗಿ ರಾಜೀನಾಮೆ ಕೊಡತೊಡಗಿದರು. ಆಮೇಲೆ ಟಿವಿಯಲ್ಲಿ ಮುಂಬೈನ ಹೋಟೆಲೊಂದು ಕಾಣಿಸಿತು. ಅದರ ಬಾಗಿಲಲ್ಲಿ ನಮ್ಮ ಉದ್ಘಾಟಕರೂ ಕಾಣಿಸಿದರು, ಬಿಳಿ ಅಂಗಿಯಲ್ಲಿ, ಮೊದಲಿಗಿಂತ ಸ್ವಲ್ಪ ಮೈ ತುಂಬಿಕೊಂಡು. ಹದಿನಾಲ್ಕನೆಯ ತಾರೀಖು ಶಾಮಿಯಾನ ಹಾಕಿಸಿ, ಮೈಕ್ ಕಟ್ಟಿಸಿ ಹನ್ನೊಂದು ಗಂಟೆಯವರೆಗೆ ಕಾದೆವು. ಯಾಕೆ ಕಾದೆವೆಂದು ಈಗಲೂ ನನಗೆ ತಿಳಿಯದು. ಕಲ್ಲಿನಲ್ಲಿ ಬರೆದಿದೆಯಲ್ಲ ಎಂಬ ನಂಬಿಕೆ ಇರಬೇಕು. ಕಡೆಗೆ ಬಡಾವಣೆಗೇ ಹಿರಿಯಳಾದ ನನ್ನ ಅಮ್ಮ, ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯಲ್ಲಿ ಟೇಪು ಕತ್ತರಿಸಿದಳು. ಉಪ್ಪಿಟ್ಟು ತಣ್ಣಗಾಗಿತ್ತು.

ಜುಲೈ 23ರಂದು ವಿಶ್ವಾಸಮತದಲ್ಲಿ ಸರ್ಕಾರ 99ಕ್ಕೆ 105ರಿಂದ ಸೋತಿತು. 28ರಂದು, ಅದೂ ಭಾನುವಾರವೇ, ಸಭಾಧ್ಯಕ್ಷ ರಮೇಶ್ ಕುಮಾರ್ ಹದಿನಾಲ್ಕು ಮಂದಿಯನ್ನು ಅನರ್ಹಗೊಳಿಸಿದರು. ಮೂರು ದಿನ ಮೊದಲೇ ಮೂವರಿಗೆ ಆ ಗತಿಯಾಗಿತ್ತು. ಒಟ್ಟು ಹದಿನೇಳು. ಆ ಪಟ್ಟಿಯಲ್ಲಿ ನಮ್ಮ ಕಲ್ಲಿನ ಮೇಲಿನ ಹೆಸರೂ ಇತ್ತು.

ಸಂಘದ ತುರ್ತು ಸಭೆ ಸೇರಿತು. ಚರಂಡಿ ಕಟ್ಟಿಕೊಂಡಾಗಲೂ ಇಷ್ಟು ಜನ ಬಂದಿರಲಿಲ್ಲ. ಫಲಕ ಕಿತ್ತುಹಾಕಿ ಎಂದರು ಕೆಲವರು. ಕೊಟ್ಟ ದುಡ್ಡು ಯಾರಪ್ಪನದು ಎಂದರು ಖಜಾಂಚಿ. ಪತ್ರಿಕೆಗಳಂತೆ ನಾವೂ ‘ಅನರ್ಹ ಶಾಸಕರು’ ಎಂದು ತಿದ್ದಿಸೋಣ ಎಂಬ ಸಲಹೆಯೂ ಬಂತು. ಅದಕ್ಕೆ ನಿವೃತ್ತ ಕನ್ನಡ ಮೇಷ್ಟ್ರು ಎದ್ದು ನಿಂತರು. “ಅನರ್ಹರಾದ ಮೇಲೆ ಅವರು ಶಾಸಕರಲ್ಲ. ಶಾಸಕರಲ್ಲದವರನ್ನು ಅನರ್ಹ ಶಾಸಕರು ಎನ್ನುವುದು ಹೇಗೆ? ಸಮಾಸವೇನೋ ಕರ್ಮಧಾರಯವೇ. ಆದರೆ ಕರ್ಮ ನಮ್ಮದು” ಎಂದು ಕುಳಿತರು.

ಮೇಸ್ತ್ರಿಯನ್ನೇ ಕರೆಸಿದೆವು. ಅವನು ಕಲ್ಲಿನ ಮೇಲೆ ಬೆರಳಾಡಿಸಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಯೋಚಿಸಿದ. “ಸುಲಭ ಇದೆ ಸಾರ್. ‘ಮಾನ್ಯ’ದ ‘ಮಾ’ ಇರಲಿ. ‘ನ್ಯ’ ತುಂಬಿಸಿ ಉಜ್ಜಿ ‘ಜಿ’ ಕೆತ್ತಿದರೆ ‘ಮಾಜಿ’ ಆಗುತ್ತದೆ. ಒಂದೇ ಅಕ್ಷರದ ದುಡ್ಡು.” ಇಷ್ಟು ವರ್ಷ ಎರಡೂ ಮಾತನ್ನು ದಿನವೂ ಓದಿದ ನನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಆದರೂ ಖಜಾಂಚಿ ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ, ತೀರ್ಪು ಬರುವವರೆಗೆ ನಲವತ್ತು ರೂಪಾಯಿ ಖರ್ಚು ಮಾಡುವುದು ಅವಸರವಾದೀತು ಎಂದರು. ಫಲಕಕ್ಕೆ ಒಂದು ಗೋಣಿಚೀಲ ಹೊದಿಸಿ ಹುರಿಯಿಂದ ಬಿಗಿದೆವು.

ನವೆಂಬರ್ 13ಕ್ಕೆ ತೀರ್ಪು ಬಂತು. ಅನರ್ಹಗೊಳಿಸಿದ್ದು ಸರಿ, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂದದ್ದು ಸರಿಯಲ್ಲ. ನಾನು ಮೂರು ಪತ್ರಿಕೆಗಳಲ್ಲಿ ಓದಿದೆ. ಕಾನೂನು ಅರ್ಥವಾಯಿತು, ನನ್ನ ಕೆಲಸ ಅರ್ಥವಾಗಲಿಲ್ಲ. ಫೇಲಾದವರಿಗೆ ಪೂರಕ ಪರೀಕ್ಷೆ ಇರುವುದು ಗೊತ್ತು. ಆದರೆ ಗಣಿತದಲ್ಲಿ ಫೇಲಾದವನು ಸಂಸ್ಕೃತ ತೆಗೆದುಕೊಂಡು ಬಂದು ಕುಳಿತಿದ್ದ. ಉತ್ತರಪತ್ರಿಕೆ ತಿದ್ದಬೇಕಾದವನು ನಾನು.

ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ. 2018ರ ಮೇ ತಿಂಗಳಲ್ಲಿ ಕೈ ಗುರುತಿಗೆ ಒತ್ತಿ ಎಂದು ನಮ್ಮ ಗೇಟಿಗೆ ಬಂದಿದ್ದವರು, ಕೈ ಕೊಟ್ಟು, ಕಮಲ ಹಿಡಿದು ಅದೇ ಗೇಟಿಗೆ ಬಂದರು. ತಮಟೆಯವರು ಅವರೇ. ಜೈಕಾರ ಕೂಗುವ ಹುಡುಗರಲ್ಲಿ ಅರ್ಧ ಜನ ಅವರೇ. ಹೆಗಲ ಮೇಲಿನ ಶಾಲಿನ ಬಣ್ಣ ಮಾತ್ರ ಬೇರೆ. ಒಬ್ಬ ಹುಡುಗನಂತೂ ಅಭ್ಯಾಸಬಲದಿಂದ ಹಳೆಯ ಪಕ್ಷಕ್ಕೇ ಅರ್ಧ ಜೈಕಾರ ಕೂಗಿ, ಪಕ್ಕದವನು ತಿವಿದ ಮೇಲೆ ಕೆಮ್ಮಿ ಉಳಿದರ್ಧವನ್ನು ಹೊಸದಕ್ಕೆ ಸೇರಿಸಿದ.

ಅಭ್ಯರ್ಥಿಗಳು ನೇರವಾಗಿ ಅಮ್ಮನ ಕಾಲಿಗೆ ಬಿದ್ದರು.

“ಯಾವಾಗ ಬಂದೆಯಪ್ಪಾ ಮುಂಬೈಯಿಂದ? ಊಟಗೀಟ ಸರಿಯಾಗಿತ್ತೇ?” ಎಂದು ಅಮ್ಮ ಕೇಳಿದಳು. ವ್ಯಂಗ್ಯ ಅವಳಿಗೆ ಬಾರದು. ಪರ ಊರಿನಿಂದ ಯಾರು ಬಂದರೂ ಕೇಳುವ ಮಾತೇ ಅದು.

“ಕ್ಷೇತ್ರದ ಅಭಿವೃದ್ಧಿಗಾಗಿ ರಾಜೀನಾಮೆ ಕೊಟ್ಟೆ, ಅಮ್ಮಾ. ಆಶೀರ್ವಾದ ಮಾಡಬೇಕು.”

“ಆಗಲಪ್ಪಾ. ಆ ಪಾರ್ಕಿನ ಟೇಪು ನಾನೇ ಕತ್ತರಿಸಿಬಿಟ್ಟೆ. ನೀನೇನೂ ತಿಳಿದುಕೊಳ್ಳಬೇಡ.”

ಅವರು ನನ್ನ ಕಡೆ ತಿರುಗಿ ಕೈ ಹಿಡಿದುಕೊಂಡರು. ಕೇಳಬೇಕೆಂದು ನಾಲ್ಕು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ. “ಕಾಫಿ ತೆಗೆದುಕೊಳ್ಳುತ್ತೀರಾ?” ಎಂದೆ. ಹೆಂಡತಿ ಅಡುಗೆಮನೆಯಿಂದಲೇ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಮತದಾನದ ದಿನ ಎಡಗೈ ತೋರುಬೆರಳಿಗೆ ಶಾಯಿ ಬಿತ್ತು. 1962ರಿಂದಲೂ ಈ ಶಾಯಿ ಬರುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಿಂದ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿದರೆ ಸೋಪಿಗೂ ಬಗ್ಗದು. ಅಳಿಸಲಾಗದ ಗುರುತು ಮತ ಹಾಕಿದವನ ಬೆರಳಿಗೆ. ಉಜ್ಜಿ ತೆಗೆಯಬಹುದಾದ ಅಕ್ಷರ ಮತ ಪಡೆದವರ ಹೆಸರಿನ ಹಿಂದೆ. ಇದನ್ನು ಯೋಚಿಸುತ್ತ ಯಂತ್ರದ ಮುಂದೆ ನಿಂತೆ. ಹಳೆಯ ಮುಖದ ಪಕ್ಕದಲ್ಲಿ ಹೊಸ ಚಿಹ್ನೆ, ಹಳೆಯ ಚಿಹ್ನೆಯ ಪಕ್ಕದಲ್ಲಿ ಹೊಸ ಮುಖ. ಕಣ್ಣು ಒಂದು ಸಾಲಿಗೆ ಹೋದರೆ ಬೆರಳು ಇನ್ನೊಂದಕ್ಕೆ. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದಾಗ ಒತ್ತಿದೆ. ಏಳು ಸೆಕೆಂಡು ಗಾಜಿನ ಹಿಂದೆ ಚೀಟಿ ನಿಂತು ಬಿತ್ತು. ಯಾರಿಗೆಂದು ಹೇಳುವುದಿಲ್ಲ. ಅದೊಂದು ಗುಟ್ಟಾದರೂ ನನ್ನದಾಗಿರಲಿ.

ಅಮ್ಮನಿಗೆ ಅಂಥ ಬಿಗುಮಾನವಿಲ್ಲ. ಆಟೋದಲ್ಲಿ ಕುಳಿತವಳೇ, “ಹೋದ ಸಲ ಅವನೇ ನಮ್ಮ ಗೇಟಿನಲ್ಲಿ ನಿಂತು, ಯಾವ ಕಾರಣಕ್ಕೂ ಹೂವಿಗೆ ಒತ್ತಬೇಡಿ ಅಮ್ಮಾ ಎಂದು ಆಣೆ ಹಾಕಿಸಿಕೊಂಡಿದ್ದ. ಆಣೆ ಮುರಿಯಲು ಮನಸ್ಸು ಬರಲಿಲ್ಲ, ಪಾಪ” ಎಂದಳು. ಅವನ ಮಾತನ್ನು ನಡೆಸಿಕೊಟ್ಟ ತೃಪ್ತಿಯಲ್ಲಿ ಬಾದಾಮಿ ಹಾಲು ಬೇಕೆಂದಳು.

ಡಿಸೆಂಬರ್ 9ಕ್ಕೆ ಎಣಿಕೆ. ಅನರ್ಹರ ಪೈಕಿ ಕಣಕ್ಕಿಳಿದವರು ಹದಿಮೂರು, ಗೆದ್ದವರು ಹನ್ನೊಂದು. ನಮ್ಮವರೂ ಗೆದ್ದರು. ಪಟಾಕಿಯ ಸದ್ದಿನ ನಡುವೆಯೇ ಹೋಗಿ ಹುರಿ ಬಿಚ್ಚಿ ಗೋಣಿಚೀಲ ತೆಗೆದೆ. ‘ಮಾನ್ಯ ಶಾಸಕರು’ ಮೊದಲಿನಂತೆಯೇ ಫಳಫಳ ಎನ್ನುತ್ತಿತ್ತು. ಖಜಾಂಚಿ ಹೆಗಲ ಮೇಲೆ ಕೈಯಿಟ್ಟು, “ನೋಡಿದಿರಾ, ನಲವತ್ತು ರೂಪಾಯಿ ಉಳಿಯಿತು” ಎಂದರು.

2020ರ ಫೆಬ್ರುವರಿ 6ರಂದು ಆ ಹನ್ನೊಂದರಲ್ಲಿ ಹತ್ತು ಮಂದಿ ಸಚಿವರಾಗಿ ಪ್ರಮಾಣವಚನ ತೆಗೆದುಕೊಂಡರು. ಟಿವಿಯ ಮುಂದೆ ಕುಳಿತು ಹೆಸರುಗಳನ್ನು ಎಣಿಸುತ್ತಿರುವಾಗಲೇ ಮೊಬೈಲ್ ಹೊಡೆದುಕೊಂಡಿತು. ಮೇಸ್ತ್ರಿ.

“ಸಾರ್, ‘ಶಾಸಕ’ ಮೂರಕ್ಷರ, ‘ಸಚಿವ’ವೂ ಮೂರಕ್ಷರ. ಜಾಗ ಸರಿಯಾಗಿ ಕೂರುತ್ತದೆ. ‘ರು’ ಹೇಗೂ ಇದೆ. ನಾಳೆ ಬರಲೇ?”

ಖಜಾಂಚಿಯನ್ನು ಕೇಳಿ ಹೇಳುತ್ತೇನೆ ಎಂದೆ.

“ಕೇಳಿ. ಆದರೆ ಒಂದು ಮಾತು ಸಾರ್, ಕಲ್ಲು ತೆಳ್ಳಗಿದೆ. ಒಂದು ಸಲ ಉಜ್ಜಬಹುದು, ಎರಡನೇ ಸಲಕ್ಕೆ ಬಿರಿಯುತ್ತದೆ. ಆ ಗೋಣಿಚೀಲವನ್ನು ಎಸೆದುಬಿಟ್ಟಿಲ್ಲ ತಾನೇ?”